ಪ್ರೇಮದೇವತೆಯ ರಟ್ಟಿನ ಪೆಟ್ಟಿಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ವಾಹನದಟ್ಟಣೆಗೆ ಸಿಗದೆ ಪಕ್ಕದಿಂದ ಹಾದುಹೋಗಲು ಒಂದು ಟೋಲ್ ರಸ್ತೆಯಿದೆ. ಹೆಸರು ಎಂ ಸಿಕ್ಸ್ ಟೋಲ್. 2003ರ ಡಿಸೆಂಬರಿನಲ್ಲಿ ತೆರೆದದ್ದು, ಉದ್ದ ಸುಮಾರು 43 ಕಿಲೋಮೀಟರ್. ದುಡ್ಡು ತೆತ್ತು ಆ ರಸ್ತೆಯಲ್ಲಿ ಹೋಗುವವರಿಗೆ ತಮ್ಮ ಚಕ್ರದ ಕೆಳಗೆ ಏನಿದೆ ಅಂತ ಗೊತ್ತಿರಲಿಕ್ಕಿಲ್ಲ. ಅಲ್ಲಿರುವುದು ಪ್ರೇಮ. ಮಿಲ್ಸ್ ಅಂಡ್ ಬೂನ್ ಕಂಪನಿಯ ಹಳೆಯ ಕಾದಂಬರಿಗಳ 25 ಲಕ್ಷ ಪ್ರತಿಗಳನ್ನು ಅರೆದು, ತಿರುಳು ಮಾಡಿ, ಡಾಂಬರಿಗೆ ಬೆರೆಸಿ ಮೇಲ್ಪದರ ಹಾಕಿದ್ದಾರೆ. ಕಾಗದದ ತಿರುಳು ಡಾಂಬರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದಂತೆ. ಈ ಕಾದಂಬರಿಗಳಲ್ಲಿ ಗಟ್ಟಿಯಾದದ್ದು ಏನೂ ಇಲ್ಲ ಎಂದು ತಲೆಮಾರುಗಟ್ಟಲೆ ಷರಾ ಬರೆದುಕೊಂಡು ಬಂದ ವಿಮರ್ಶಕರಿಗೆ ಒಬ್ಬ ರಸ್ತೆ ಕಂಟ್ರಾಕ್ಟರು ಇಷ್ಟು ಗಟ್ಟಿಯಾದ ಉತ್ತರ ಕೊಟ್ಟದ್ದು ಸಾಹಿತ್ಯ ಚರಿತ್ರೆಯಲ್ಲಿ ಬೇರೆ ಇರಲಾರದು.

ಅದೇ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅದೇ ಕಂಪನಿಯ ಕಾಗದಪತ್ರಗಳಿವೆ. ಪ್ರಕಾಶಕರು ಲೇಖಕಿಯರಿಗೆ ಬರೆದದ್ದು, ಲೇಖಕಿಯರು ಪ್ರಕಾಶಕರಿಗೆ ಬರೆದದ್ದು. ಇವಕ್ಕೆ ಲಾರಿಯ ಭಯವಿಲ್ಲ. ಇಂಥ ಪತ್ರಾಗಾರಗಳಲ್ಲಿ ಹದವಾದ ತಂಪಿರುತ್ತದೆ, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಗಳಿರುತ್ತವೆ. ನೋಡಬೇಕೆನ್ನುವವರು ಮುಂಚಿತವಾಗಿ ಬರೆದು ತಿಳಿಸಿ, ಚೀಲ ಹೊರಗಿಟ್ಟು, ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದು, ಕೈ ತೊಳೆದು ಕೂರಬೇಕು. (ಬಿಳಿ ಕೈಗವಸು ಹಾಕಿಕೊಳ್ಳುವುದೆಲ್ಲ ಸಿನಿಮಾದಲ್ಲಿ. ಕಾಗದ ಮುಟ್ಟಲು ತೊಳೆದು ಒರೆಸಿದ ಬರಿಗೈಯೇ ವಾಸಿ ಎನ್ನುತ್ತಾರೆ ಆ ಕಸುಬಿನವರು.) ಅಂದರೆ ಕಾದಂಬರಿ ರಸ್ತೆಗೆ, ಕಾದಂಬರಿಯ ಬಗ್ಗೆ ಬರೆದ ಕಾಗದ ತಂಪು ಕೋಣೆಗೆ. ಲಕ್ಷಾಂತರ ಹೆಂಗಸರು ಮಡಿಲಲ್ಲಿಟ್ಟುಕೊಂಡು ಓದಿದ್ದು ಕಸ. ಅದರಲ್ಲೊಂದು ಸಾಲು ತಿದ್ದಿ ಎಂದು ಕಂಪನಿಯ ಯಜಮಾನರು ಬರೆಸಿದ್ದು ದಾಖಲೆ. ಈ ಲೆಕ್ಕಕ್ಕೆ ಇವತ್ತಿನವರೆಗೆ ಯಾವ ಆಡಿಟರೂ ಆಕ್ಷೇಪಣೆ ಎತ್ತಿಲ್ಲ.

ಪತ್ರಾಗಾರದವರು ಲೇಖಕರನ್ನು ಅಳೆಯುವುದು ಅಡಿಯಲ್ಲಿ. ಪೆಟ್ಟಿಗೆಗಳನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ ಎಷ್ಟು ಉದ್ದವೋ ಅಷ್ಟು. ಇಂಥ ಕವಿ ಎಂಟು ಅಡಿ, ಇಂಥ ಕಾದಂಬರಿಕಾರ್ತಿ ನಲವತ್ತು ಅಡಿ. ಸಾಹಿತ್ಯದ ಎತ್ತರ ಯಾವುದು, ಆಳ ಯಾವುದು ಎಂದು ಆಯುಷ್ಯವಿಡೀ ಜಗಳವಾಡಿದ ನಮ್ಮ ವಿಮರ್ಶಕರಿಗೆ ಉದ್ದ ಅಂತ ಮೂರನೆಯದೊಂದು ಇದೆ ಎಂಬುದು ಹೊಳೆಯಲೇ ಇಲ್ಲ. ಈ ಅಳತೆಯಲ್ಲಿ ಪ್ರೇಮಕಾದಂಬರಿಕಾರ್ತಿಯರನ್ನು ಮೀರಿಸುವುದು ನವ್ಯ ಕವಿಗಳಿಗಂತೂ ಸಾಧ್ಯವಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ರೇ ಬ್ರೌನ್ ಎಂಬ ಪ್ರೊಫೆಸರು 1969ರಲ್ಲಿ ಜನಪ್ರಿಯ ಸಂಸ್ಕೃತಿಗೆಂದೇ ಒಂದು ಗ್ರಂಥಾಲಯ ಹುಟ್ಟುಹಾಕಿದರು. ಮಿಕ್ಕ ಪ್ರೊಫೆಸರುಗಳು ಮೂಗು ಮುರಿದದ್ದನ್ನೆಲ್ಲ ಅವರು ಒಳಗಿಟ್ಟುಕೊಂಡರು. ಕಾಮಿಕ್ಸು, ಪತ್ತೇದಾರಿ, ಪ್ರೇಮಕಾದಂಬರಿ, ಕೊನೆಗೆ ಆ ದೇಶದ ಪ್ರೇಮಕಾದಂಬರಿಕಾರರ ಸಂಘದ ದಾಖಲೆಗಳೂ ಅಲ್ಲಿಗೇ ಬಂದವು.

ಅದೇ 1969ರಲ್ಲಿ ಅಮೆರಿಕದ ತೆರಿಗೆ ಕಾನೂನಿಗೊಂದು ತಿದ್ದುಪಡಿ ಬಂತು. ಅಲ್ಲಿಯವರೆಗೆ ಲೇಖಕರು ತಮ್ಮ ಹಸ್ತಪ್ರತಿಯನ್ನು ಲೈಬ್ರರಿಗೆ ದಾನ ಕೊಟ್ಟರೆ, ಮಾರುಕಟ್ಟೆಯಲ್ಲಿ ಅದಕ್ಕೆಷ್ಟು ಬೆಲೆಯೋ ಅಷ್ಟನ್ನೂ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದಿತ್ತು. ತಿದ್ದುಪಡಿಯಾದ ಮೇಲೆ ಕಾಗದ ಮತ್ತು ಶಾಯಿಯ ಖರ್ಚು ಮಾತ್ರ. ಆದರೆ ಲೇಖಕರು ಸತ್ತು, ಕಟ್ಟು ಮಕ್ಕಳ ಕೈಗೆ ಬಂತೋ, ಮಕ್ಕಳು ಅದನ್ನೇ ದಾನ ಕೊಟ್ಟರೆ ಪುನಃ ಮಾರುಕಟ್ಟೆ ಬೆಲೆ! ಬದುಕಿದ್ದಾಗ ಕಾಗದ, ಶಾಯಿ. ಹೆಣವಾದ ಮೇಲೆ ಸಾಹಿತ್ಯ. ವಿಮರ್ಶಾಶಾಸ್ತ್ರವನ್ನು ಒಂದು ದೇಶದ ಸಂಸತ್ತು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಈ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರೇ ತಮ್ಮ ಉಪಾಧ್ಯಕ್ಷಗಿರಿಯ ಕಾಲದ ಕಾಗದಗಳನ್ನು ದಾನ ಕೊಟ್ಟು ಐದು ಲಕ್ಷ ಡಾಲರಿಗೂ ಮೀರಿದ ರಿಯಾಯಿತಿ ಕೇಳಿದರು. ತಿದ್ದುಪಡಿಯ ಗಡುವಿಗೆ ಮುಂಚೆಯೇ ಕೊಟ್ಟಂತೆ ಕಾಣಲೆಂದು ದಾನಪತ್ರಕ್ಕೆ ಅವರ ಕಡೆಯವರು ಹಿಂದಿನ ತಾರೀಖು ಹಾಕಿದ್ದರೆಂಬುದು ಆಮೇಲೆ ಬಯಲಾಯಿತು. ಹಿಂದಿನ ತಾರೀಖು ಹಾಕುವ ವಿದ್ಯೆ ನಮ್ಮ ಕಚೇರಿಗಳ ಸ್ವಂತ ಆಸ್ತಿ ಅಂದುಕೊಂಡಿದ್ದೆವು.

ಇರಲಿ. ಪ್ರೇಮ, ಕಾಗದ, ಉದ್ದ ಈ ಮೂರೂ ಕೂಡಿದ ಕಡೆ ಡೇಮ್ ಬಾರ್ಬರಾ ಕಾರ್ಟ್‌ಲ್ಯಾಂಡ್ ಅವರನ್ನು ನೆನೆಯದೆ ಮುಂದೆ ಹೋದರೆ ಅಪಚಾರವಾದೀತು. ಅವರು ಹುಟ್ಟಿದ್ದು 1901ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಡ್ಜ್‌ಬ್ಯಾಸ್ಟನ್‌ನಲ್ಲಿ. ತೀರಿಕೊಂಡದ್ದು 2000ದ ಮೇ ತಿಂಗಳಲ್ಲಿ. ಈ ನಡುವೆ ಅವರು ಬರೆದ ಪುಸ್ತಕಗಳು 723 ಎಂದು ಲೆಕ್ಕ. ಒಂದು ವರ್ಷವಂತೂ 23 ಕಾದಂಬರಿ ಬರೆದು ಗಿನ್ನೆಸ್ ಪುಸ್ತಕಕ್ಕೆ ಸೇರಿದರು. ಬರೆದರು ಎನ್ನುವುದೂ ಪೂರ್ತಿ ಸರಿಯಲ್ಲ. ಮಧ್ಯಾಹ್ನ ಸೋಫಾದ ಮೇಲೆ ಒರಗಿ, ಕಾಲಿಗೆ ಬಿಸಿನೀರಿನ ಚೀಲ, ಪಕ್ಕದಲ್ಲಿ ಪೆಕಿನೀಸ್ ನಾಯಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋಗುವರು. ಸೆಕ್ರೆಟರಿ ಬರೆದುಕೊಳ್ಳುವರು. ಒಂದು ಕೂರಿಕೆಗೆ ಆರೇಳು ಸಾವಿರ ಪದ, ಹದಿನೈದು ದಿನಕ್ಕೊಂದು ಕಾದಂಬರಿ. ಊಟವಾದ ಮೇಲೆ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚುವುದರಲ್ಲಿ ನಮ್ಮ ಸಾಹಿತಿಗಳೇನೂ ಅವರಿಗಿಂತ ಹಿಂದೆ ಬಿದ್ದಿಲ್ಲ. ಬರೆದುಕೊಳ್ಳುವ ಸೆಕ್ರೆಟರಿ ಒಬ್ಬರು ಇಲ್ಲದ್ದರಿಂದ ಕನ್ನಡಕ್ಕೆ ಎಷ್ಟು ನಷ್ಟವಾಗಿದೆ ಅಥವಾ ಲಾಭವಾಗಿದೆ ಎಂಬುದು ಬೇರೆ ಚರ್ಚೆ.

ಕಥೆ ಹೆಚ್ಚೂಕಡಿಮೆ ಒಂದೇ. ಕಾಲ ಹತ್ತೊಂಬತ್ತನೇ ಶತಮಾನ. ನಾಯಕ ಡ್ಯೂಕೋ ಅರ್ಲೋ ಮಾರ್ಕ್ವಿಸ್ಸೋ, ಬದುಕಿನ ಮೇಲೆ ಬೇಸರ ಬಂದವನು, ಸಾಕಷ್ಟು ಹೆಂಗಸರನ್ನು ಬಲ್ಲವನು. ನಾಯಕಿ ಹದಿನೆಂಟರ ಆಸುಪಾಸಿನವಳು, ಅನಾಥೆ ಅಥವಾ ಜೂಜುಕೋರ ಅಪ್ಪನ ಮಗಳು, ಗಂಡಸಿನ ಕೈ ಸೋಕದವಳು. ಕೊನೆಯ ಪುಟದ ಹತ್ತಿರ ಒಂದು ಮುತ್ತು. ಆಮೇಲೆ ನಕ್ಷತ್ರ, ಸ್ವರ್ಗ, ದೇವರು. ಮದುವೆಗೆ ಮುಂಚೆ ಮಲಗುವ ಕೋಣೆಯ ಬಾಗಿಲು ತೆರೆದ ಉದಾಹರಣೆ ಇಲ್ಲ. 1960ರ ದಶಕದಲ್ಲಿ ಲಂಡನ್ನಿನ ಹುಡುಗಿಯರ ಲಂಗ ಮೇಲೇರಿದಷ್ಟೂ ಇವರ ನಾಯಕಿಯರ ಲಂಗ ಕೆಳಗಿಳಿಯಿತು, ಮಾರಾಟ ಮಾತ್ರ ಮೇಲೇರಿತು. ಕನ್ಯೆಯೇ ಮದುವೆಯಾಗಬೇಕು, ಮದುವೆ ಅಂದರೆ ಜನ್ಮಕ್ಕೊಂದೇ ಎಂದು ಟೆಲಿವಿಷನ್ನಿನಲ್ಲಿ ಬೋಧಿಸಿದ ಈ ಮಹಾತಾಯಿ ಸ್ವತಃ 1933ರಲ್ಲಿ ವಿಚ್ಛೇದನ ಪಡೆದವರು. ಕೋರ್ಟಿನಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಆಪಾದನೆ ಹೊರಿಸಿ ಊರಿಗೆಲ್ಲ ಸುದ್ದಿಯಾದವರು. ಮೂರು ವರ್ಷದ ಮೇಲೆ ಅದೇ ಗಂಡನ ದಾಯಾದಿ ಸೋದರನನ್ನೇ ಮದುವೆಯಾದರು. ಅಡ್ಡಹೆಸರು ಬದಲಾಯಿಸುವ ಖರ್ಚೂ ಉಳಿಯಿತು, ಇಬ್ಬರೂ ಮೆಕಾರ್ಕೊಡೇಲ್‌ಗಳೇ. ಈ ಎರಡನೇ ಮದುವೆ ಗಂಡ ಸಾಯುವವರೆಗೆ, 27 ವರ್ಷ, ಸುಖವಾಗಿ ನಡೆಯಿತು ಎನ್ನುವುದನ್ನೂ ಹೇಳಬೇಕು. ಬಾರ್ಬರಾ ಅವರ ಅಪ್ಪ ಮೊದಲ ಮಹಾಯುದ್ಧದಲ್ಲಿ ಸತ್ತರು, ಇಬ್ಬರು ತಮ್ಮಂದಿರು 1940ರಲ್ಲಿ, ಎರಡನೆಯ ಮಹಾಯುದ್ಧದಲ್ಲಿ. ಇಷ್ಟು ಹೆಣ ನೋಡಿದ ಮನೆಯಿಂದ ಬಂದ ಕಾದಂಬರಿಗಳಲ್ಲಿ ನೂರಾರು ಬಾರಿ ನಾಯಕ ಜೀವಂತವಾಗಿ ಮನೆಗೆ ಬಂದ. ಇದನ್ನು ಬರೀ ಸಕ್ಕರೆ ಪಾಕ ಎಂದು ನಗುವವರು ಈ ಸಾಲನ್ನು ಬಿಟ್ಟು ಮುಂದೆ ಹೋಗಬಹುದು.

ಬಟ್ಟೆ ಗುಲಾಬಿ, ಟೋಪಿ ಗುಲಾಬಿ, ಮುಖಕ್ಕೆ ಮೂರು ಪದರ ಬಣ್ಣ. ಯಾವ ಪತ್ರಕರ್ತ ಬಂದರೂ ಒಳಗೆ ಕರೆದು ಚಹಾ ಕೊಟ್ಟು, ಜೇನುತುಪ್ಪ ಮತ್ತು ವಿಟಮಿನ್ ಮಾತ್ರೆಯ ಮಹಿಮೆ ಹೇಳಿ ಕಳಿಸುವರು. ಅಲೆಮಾರಿ ಜಿಪ್ಸಿಗಳಿಗೆ ನಿಲ್ಲಲು ಜಾಗ ಕೊಡಿ ಎಂದು ಜಿಲ್ಲಾಡಳಿತದ ಜೊತೆ ಜಗಳವಾಡಿ ಗೆದ್ದದ್ದು ಇದೇ ಗುಲಾಬಿ ಟೋಪಿ. ನಮ್ಮ ದೇಶದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಇವರ ಆಪ್ತಮಿತ್ರರು. ನೌಕಾಪಡೆಯ ಕಥೆಯೊಂದಕ್ಕೆ ಹಡಗಿನ ವಿವರಗಳನ್ನು ಒದಗಿಸಿದ್ದೂ ಅವರೇ. ಒಂದು ಉಪಖಂಡವನ್ನು ತರಾತುರಿಯಲ್ಲಿ ಸೀಳಿ ಹೋದ ಮನುಷ್ಯ ಪ್ರೇಮಕಾದಂಬರಿಯ ಹಡಗು ಸರಿಯಾದ ದಿಕ್ಕಿಗೆ ಹೋಗುತ್ತಿದೆಯೇ ಎಂದು ಕೂತು ನೋಡಿದ್ದು ನಮಗೆ ಸಮಾಧಾನ ಕೊಡಬೇಕು. 1976ರಲ್ಲಿ ಮಗಳು ರೇನ್, ಅರ್ಲ್ ಸ್ಪೆನ್ಸರ್ ಅವರನ್ನು ಮದುವೆಯಾದಾಗ ಬಾರ್ಬರಾ ಆತನ ಮಗಳು ಡಯಾನಾಗೆ ಮಲಅಜ್ಜಿಯಾದರು. ಡಯಾನಾ ಚಿಕ್ಕಂದಿನಿಂದ ಈ ಅಜ್ಜಿಯ ಕಾದಂಬರಿಗಳ ಭಕ್ತೆ. 1981ರಲ್ಲಿ ನಿಜವಾದ ರಾಜಕುಮಾರನನ್ನೇ ಮದುವೆಯಾದಳು. ಕಥೆ ಏನಾಯಿತೆಂದು ಲೋಕಕ್ಕೇ ಗೊತ್ತು. ಆ ಹುಡುಗಿ ಓದಿದ್ದು ನನ್ನ ಪುಸ್ತಕಗಳನ್ನು ಮಾತ್ರ, ಅದರಿಂದ ಅವಳಿಗೆ ಒಳ್ಳೆಯದಾಗಲಿಲ್ಲ ಎಂದು ಬಾರ್ಬರಾ ಹೇಳಿದರೆಂದು ಪ್ರತೀತಿ. ಕನ್ನಡದ ಯಾವ ಸಾಹಿತಿ ತನ್ನ ಪುಸ್ತಕದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಬೆನ್ನುಡಿ ಬರೆದುಕೊಂಡಿದ್ದಾನೆ?

ಇವರಿಗೆ ಒಬ್ಬಳೇ ಒಬ್ಬಳು ತಕ್ಕ ಶತ್ರು: ಜಾರ್ಜೆಟ್ ಹೇಯರ್. ಅದೇ ಕಾಲದ ಡ್ಯೂಕುಗಳು, ಅದೇ ಸಾರೋಟುಗಳು, ಆದರೆ ಗುಂಡಿಯಿಂದ ಗಾಡಿಯವರೆಗೆ ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದು ಚಿತ್ರ ಬಿಡಿಸಿಟ್ಟುಕೊಂಡ ಲೇಖಕಿ. ಬದುಕಿರುವವರೆಗೆ ಸಂದರ್ಶನ ಕೊಡದ ಹೆಣ್ಣು. 1950ರಲ್ಲಿ ಓದುಗರೊಬ್ಬರು, ನಿಮ್ಮ ಪಾತ್ರಗಳು ಕಾರ್ಟ್‌ಲ್ಯಾಂಡ್ ಮೇಡಂ ಪುಸ್ತಕದಲ್ಲಿ ಓಡಾಡುತ್ತಿವೆಯಲ್ಲ ಎಂದು ಬರೆದರು. ಹೇಯರ್ ಆ ಪುಸ್ತಕಗಳನ್ನು ತರಿಸಿ, ಹೆಸರಿಗೆ ಹೆಸರು, ಪ್ರಸಂಗಕ್ಕೆ ಪ್ರಸಂಗ ತಾಳೆ ನೋಡಿ, ವಕೀಲರ ಕೈಗೆ ಪಟ್ಟಿ ಕೊಟ್ಟರು. ಆಕೆಗೆ ಕಳವಿಗಿಂತ ಹೆಚ್ಚು ಸಿಟ್ಟು ಬಂದದ್ದು, ಕದ್ದವರಿಗೆ ಕದ್ದ ಮಾಲಿನ ಬಳಕೆ ಗೊತ್ತಿಲ್ಲವಲ್ಲ ಎಂದು. ಪ್ರಕರಣ ಕೋರ್ಟಿನ ಮೆಟ್ಟಿಲೇರಲಿಲ್ಲ. ಕಾಗದ ಮಾತ್ರ ಉಳಿಯಿತು, ಜೀವನಚರಿತ್ರೆ ಬರೆದವರಿಗೆ ಒಂದು ಅಧ್ಯಾಯವಾಯಿತು.

ಬಾರ್ಬರಾ ತೀರಿಕೊಂಡಾಗ ಹರ್ಟ್‌ಫರ್ಡ್‌ಶೈರಿನ ಅವರ ಬಂಗಲೆ ಕ್ಯಾಮ್‌ಫೀಲ್ಡ್ ಪ್ಲೇಸಿನಲ್ಲಿ ಅಚ್ಚಾಗದ 160 ಕಾದಂಬರಿಗಳ ಹಸ್ತಪ್ರತಿ ಉಳಿದಿದ್ದವು. ಬೇರೆ ಲೇಖಕರ ಮನೆಯಲ್ಲಾದರೆ ಅರ್ಧ ಬರೆದದ್ದು, ಹೊಡೆದು ಹಾಕಿದ್ದು, ಡೋಬಿ ಲೆಕ್ಕ ಸಿಗುತ್ತದೆ. ಇವರು ಬಿಟ್ಟುಹೋದದ್ದು ಪೂರ್ತಿ ಸಿದ್ಧವಾದ ಮಾಲು. ಪ್ರಕಾಶಕರು ಅಚ್ಚು ಹಾಕುವ ವೇಗ ಇವರ ಸೋಫಾದ ವೇಗಕ್ಕೆ ಸಮನಾಗದೆ ಗೋದಾಮಿನಲ್ಲಿ ಉಳಿದದ್ದು. ಮಗ ಇಯಾನ್ ಅದಕ್ಕೆ ಪಿಂಕ್ ಕಲೆಕ್ಷನ್ ಎಂದು ಹೆಸರಿಟ್ಟು ತಿಂಗಳಿಗೊಂದರಂತೆ ಬಿಡುಗಡೆ ಮಾಡತೊಡಗಿದ. ಸತ್ತ ಎಮ್ಮೆಯ ಹಾಲನ್ನು ಹೊಗಳುವುದು ನಮ್ಮ ಹಳೇ ಚಾಳಿ. ಸತ್ತ ಮೇಲೂ ತಿಂಗಳು ತಪ್ಪದೆ ಹಾಲು ಕರೆದು ತೋರಿಸಿದ್ದು ಕ್ಯಾಮ್‌ಫೀಲ್ಡ್ ಪ್ಲೇಸು. ಇಂಥ ಕಡೆ ಸಂಶೋಧಕನಿಗೆ ಕೆಲಸವೇ ಇಲ್ಲ. ಕರಡು ಒಂದು, ಕರಡು ಎರಡು ಎಂದು ತಾಳೆ ನೋಡೋಣ ಅಂದರೆ ತಿದ್ದಿದ್ದಿದ್ದರೆ ತಾನೆ?

ಅವರನ್ನು ಮಣ್ಣು ಮಾಡಿದ್ದು ಬಂಗಲೆಯ ತೋಟದಲ್ಲೇ, ಮೊದಲನೆಯ ಎಲಿಜಬೆತ್ ರಾಣಿ ನೆಟ್ಟದ್ದೆನ್ನುವ ಓಕ್ ಮರದ ಬುಡದಲ್ಲಿ. ಶವಪೆಟ್ಟಿಗೆ ಯಾವುದರದ್ದು ಗೊತ್ತೆ? ರಟ್ಟಿನದು. ಪರಿಸರದ ಕಾಳಜಿಯಿಂದ ಅವರೇ ಬಯಸಿದ್ದಂತೆ. ಲೇಖಕಿಯನ್ನೂ ಆಕೆಯ ಕಾಗದವನ್ನೂ ಒಂದೇ ಬಗೆಯ ಪೆಟ್ಟಿಗೆಯಲ್ಲಿಡುವುದು ಪತ್ರಾಗಾರಶಾಸ್ತ್ರದ ಪ್ರಕಾರ ಸರಿಯೇ.

ಮಿಲ್ಸ್ ಅಂಡ್ ಬೂನ್ ಪೆಟ್ಟಿಗೆಗಳದ್ದು ಬೇರೆಯೇ ಕಥೆ. ಅಲ್ಲಿ ಒಬ್ಬ ಮಹಾರಾಣಿ ಇಲ್ಲ, ಒಂದು ಕಾರ್ಖಾನೆ ಇದೆ. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ 1908ರಲ್ಲಿ ಅಂಗಡಿ ತೆರೆದಾಗ ಪ್ರೇಮವೊಂದನ್ನೇ ಮಾರುವ ವ್ರತವೇನೂ ಇರಲಿಲ್ಲ. ಜಾಕ್ ಲಂಡನ್, ವುಡ್‌ಹೌಸ್ ಅಂಥವರ ಪುಸ್ತಕಗಳನ್ನೂ ಹಾಕಿದರು. ಎರಡು ಪೆನ್ನಿಗೆ ಪುಸ್ತಕ ಬಾಡಿಗೆಗೆ ಕೊಡುವ ಬೀದಿಬದಿಯ ಲೈಬ್ರರಿಗಳಲ್ಲಿ ಯಾವುದು ಹೆಚ್ಚು ಸವೆಯುತ್ತದೆ ಎಂದು ನೋಡಿದರು. ಪ್ರೇಮ ಸವೆಯುತ್ತಿತ್ತು. 1930ರ ದಶಕಕ್ಕೆ ಕಂದು ಬಣ್ಣದ ರಟ್ಟು ಹಾಕಿ ಅದನ್ನೇ ಒದಗಿಸಲು ನಿಂತರು. ಆಮೇಲಿನ ಪತ್ರಗಳಲ್ಲಿ ಇರುವುದು ಮುತ್ತಿನ ಆಡಳಿತ. ಕಥೆ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದರೆ ಎರಡು ಸಂಪಾದನೆ. ವಾರಪತ್ರಿಕೆಗೆ ಒಬ್ಬ ಸಂಪಾದಕಿ. 'ವುಮನ್ಸ್ ವೀಕ್ಲಿ'ಯ ವಿನಿಫ್ರೆಡ್ ಜಾನ್ಸನ್ ಅವರಿಗೆ ನಾಯಕಿ ಕುಡಿಯಬಾರದು, ಕೆಡಬಾರದು, ಕೆಟ್ಟವರ ಕಡೆ ನೋಡಲೂಬಾರದು. ಅವರ ಮೂಗಿನ ನೇರಕ್ಕೆ ಒಪ್ಪುವಂತೆ ಲೇಖಕಿಯರು ಅಧ್ಯಾಯಗಳನ್ನು ಮಡಿ ಮಾಡಿಕೊಡಬೇಕಿತ್ತು. ಏಕಾಂತದಲ್ಲಿ ನಾಯಕ ನಾಯಕಿಯ ಕೈ ಹಿಡಿಯುವ ಆ ಕ್ಷಣದಲ್ಲಿ ಕೋಣೆಯೊಳಗೆ ಪ್ರಕಾಶಕ, ಸಂಪಾದಕಿ, ಐರ್ಲೆಂಡಿನ ಸೆನ್ಸಾರು ಎಲ್ಲರೂ ನಿಂತಿದ್ದರು ಎನ್ನುವುದು ಪತ್ರಾಗಾರ ಹೇಳುವ ಗುಟ್ಟು. ಹೀಗೆ ತಯಾರಾದ ಪುಸ್ತಕ ಸುಮಾರು 190 ಪುಟ. ಅಂಗಡಿಯ ಕಪಾಟಿನಲ್ಲಿ ಅದಕ್ಕೆ ಒಂದು ತಿಂಗಳ ಆಯುಸ್ಸು. ಮುಂದಿನ ತಿಂಗಳ ಪ್ರೇಮ ಬಂದು ನಿಂತ ಕೂಡಲೇ ಹಿಂದಿನ ತಿಂಗಳದ್ದು ಅರೆಯುವ ಯಂತ್ರಕ್ಕೆ.

ಇದರ ಮೇಲೆ ಸಂಶೋಧನೆ ಹುಟ್ಟದೆ ಇರುತ್ತದೆಯೇ? ಹುಟ್ಟಿತು. ಒಳ್ಳೆಯದೂ ಹುಟ್ಟಿತು. ಜಾನಿಸ್ ರ‍್ಯಾಡ್‌ವೇ ಎಂಬ ಅಮೆರಿಕದ ವಿದ್ವಾಂಸೆ ಮಧ್ಯಪಶ್ಚಿಮದ ಒಂದು ಊರಿನ ಓದುಗಿಯರನ್ನೇ ಕೂರಿಸಿಕೊಂಡು ಕೇಳಿ 1984ರಲ್ಲಿ ಪುಸ್ತಕ ಬರೆದರು. ಮನೆಯಲ್ಲಿ ಎಲ್ಲರನ್ನೂ ನೋಡಿಕೊಳ್ಳುತ್ತೇವೆ, ನಮ್ಮನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಪುಸ್ತಕ ಎದುರಿಗೆ ಹಿಡಿದಾಗ ಮಾತ್ರ ನನ್ನನ್ನು ಮಾತಾಡಿಸಬೇಡಿ ಎಂದಂತೆ, ಎನ್ನುವ ಅರ್ಥದ ಉತ್ತರ ಕೊಟ್ಟರು ಆ ಹೆಂಗಸರು. ವಿಮರ್ಶಕರು ಐವತ್ತು ವರ್ಷ ಪುಸ್ತಕದ ಒಳಗೆ ಹುಡುಕಿದ್ದು ಪುಸ್ತಕದ ಈಚೆ ಬದಿಯಲ್ಲಿತ್ತು. ಕೇಳಿದರೆ ಹೇಳುತ್ತಿದ್ದರು. ಕೇಳುವ ವಿಧಾನ ಯೂನಿವರ್ಸಿಟಿಗೆ ಹೊಸದು.

ನಮ್ಮಲ್ಲಿಗೆ ಬನ್ನಿ. ಬೆಂಗಳೂರು, ಮೈಸೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕಾರ್ಟ್‌ಲ್ಯಾಂಡೂ ಮಿಲ್ಸ್ ಅಂಡ್ ಬೂನೂ ಒಂದು ಗೋಡೆಗೆ, ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಎದುರು ಗೋಡೆಗೆ. ಇವರನ್ನೆಲ್ಲ ಒಂದೇ ಗಂಟಿಗೆ ಕಟ್ಟುವುದು ಅನ್ಯಾಯ. ತ್ರಿವೇಣಿ ಬರೆದದ್ದು ಮನಸ್ಸು ಕದಡಿದ ಹೆಂಗಸರ ಬಗ್ಗೆ, ಇಂದಿರಾ ಅವರ 'ಫಣಿಯಮ್ಮ' ಪ್ರೇಮಕ್ಕೆ ಅವಕಾಶವೇ ಸಿಗದ ಬಾಲವಿಧವೆಯ ಕಥೆ. ಆದರೆ ಗಂಟು ಕಟ್ಟಿದವರು ಬಾಡಿಗೆ ಲೈಬ್ರರಿಯ ಯಜಮಾನರಲ್ಲ, ನಮ್ಮ ಘನ ವಿಮರ್ಶಕರು. ಅಡುಗೆಮನೆ ಸಾಹಿತ್ಯ ಎಂದು ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದರು. ಅಡುಗೆಮನೆಯಿಂದ ಬಂದ ಕಾಫಿಗೆ ಮಾತ್ರ ಇಂಥ ಚೀಟಿ ಇರಲಿಲ್ಲ. ಗಂಡಸು ತನ್ನ ಹೆಂಡತಿಯ ಮೇಲಿನ ಒಲವನ್ನು ಪದ್ಯದಲ್ಲಿ ಬರೆದರೆ ಅದು ಕಾವ್ಯ. 1942ರ 'ಮೈಸೂರ ಮಲ್ಲಿಗೆ' ಎಷ್ಟು ಮುದ್ರಣ ಕಂಡರೂ ಅದು ಕಾಲಹರಣ ಎಂದು ಯಾರೂ ಅಂದವರಿಲ್ಲ, ಅನ್ನಬಾರದು ಕೂಡ. ಅದೇ ಒಲವನ್ನು ಹೆಂಗಸು ಗದ್ಯದಲ್ಲಿ, ಅದೂ ವಾರಪತ್ರಿಕೆಯಲ್ಲಿ, ಅದೂ 'ಮುಂದುವರಿಯುವುದು' ಎಂದು ಹಾಕಿ ಬರೆದರೆ ಯುವತಿಯರ ತಲೆ ಕೆಡುತ್ತದೆ. ತಲೆ ಕೆಡುವ ವಿಷಯದಲ್ಲಿ ಪದ್ಯ ಗದ್ಯಕ್ಕಿಂತ ಸುರಕ್ಷಿತ ಎಂದು ಛಂದಶ್ಶಾಸ್ತ್ರದಲ್ಲಿ ಎಲ್ಲಿ ಹೇಳಿದೆಯೋ!

ಬೌಲಿಂಗ್ ಗ್ರೀನಿನವರು ಪೆಟ್ಟಿಗೆಯಲ್ಲಿಟ್ಟದ್ದಕ್ಕಿಂತ ಒಳ್ಳೆಯ ದಾಖಲೆ ಆ ಬಾಡಿಗೆ ಪುಸ್ತಕಗಳೇ. ಒಂದು ಪ್ರತಿಯನ್ನು ಕೈಗೆತ್ತಿಕೊಳ್ಳಿ. ಮೂಲ ರಕ್ಷಾಕವಚ ಎಂದೋ ಹೋಗಿ ಅಡ್ಡಕ್ಕೆ ದಬ್ಬಳದಲ್ಲಿ ಹೊಲಿದ ರಟ್ಟು, ಬೆನ್ನಿಗೆ ರೆಕ್ಸಿನ್. ಹೊಲಿಗೆ ಎಷ್ಟು ಬಿಗಿಯೆಂದರೆ ಪ್ರತಿ ಸಾಲಿನ ಮೊದಲ ಎರಡಕ್ಷರ ಓದುಗರೇ ಊಹಿಸಿಕೊಳ್ಳಬೇಕು. ಒಳಗೆ ಲೈಬ್ರರಿಯ ರಬ್ಬರ್ ಸ್ಟಾಂಪು, ಹಾಳೆ ಹರಿದರೆ ದಂಡ ಎನ್ನುವ ಎಚ್ಚರಿಕೆ. ಯಾವುದೋ ಪುಟದ ಮೂಲೆಯಲ್ಲಿ ಸಾಲಾಗಿ ಗುರುತುಗಳು: ಒಂದು ನಕ್ಷತ್ರ, ಒಂದು 'ಲ', ಒಂದು ಸೊನ್ನೆ ಸುತ್ತಿದ 'ಪ'. ಓದಿದ್ದನ್ನೇ ಮತ್ತೆ ಬಾಡಿಗೆಗೆ ಒಯ್ಯಬಾರದೆಂದು ಒಬ್ಬೊಬ್ಬ ಗೃಹಿಣಿ ಹಾಕಿಟ್ಟ ಗುಪ್ತಮುದ್ರೆ. ನಡುವೆ ಅರಿಶಿನದ ಬೆರಳು, ಬಸ್ ಟಿಕೆಟ್ಟು. ಕೊನೆಯ ಹಾಳೆಯನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರೆ, ಇನ್ನೊಬ್ಬ ಪುಣ್ಯಾತ್ಗಿತ್ತಿ ರಟ್ಟಿನ ಒಳಮೈಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿರುತ್ತಾಳೆ: 'ಅತ್ತೆ ಸಾಯ್ತಾರೆ. ಇಬ್ಬರೂ ಒಂದಾಗ್ತಾರೆ.' ಇದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆ ನಮ್ಮ ವಿಶ್ವವಿದ್ಯಾಲಯಗಳಿಂದ ಬಂದಿಲ್ಲ.

“ಏನಮ್ಮಾ, ಇದನ್ನ ಹೋದ ತಿಂಗಳೇ ತಗೊಂಡು ಹೋಗಿದ್ರಲ್ಲ?”

“ಗೊತ್ತು ಕಣ್ರೀ. ನಮ್ಮತ್ತೆ ಊರಿಂದ ಬಂದಿದಾರೆ, ಅವ್ರಿಗೆ.”

ಈ ಲೈಬ್ರರಿಗಳು ಮುಚ್ಚಿದಾಗ ಆ ಪ್ರತಿಗಳು ಎಲ್ಲಿಗೆ ಹೋದವು ಎಂದು ಕೇಳಬೇಡಿ. ಗುಜರಿಯವನ ತಕ್ಕಡಿಗೆ. ಅಲ್ಲಿ ಸಾಹಿತ್ಯವನ್ನು ಅಳೆಯುವುದು ಕಿಲೋದಲ್ಲಿ. ಅಡಿಗಿಂತ ಅದೇ ನ್ಯಾಯವಾದ ಮಾನ, ಯಾಕೆಂದರೆ ಗುಜರಿಯವನು ಮಹಾಕಾವ್ಯಕ್ಕೂ ಧಾರಾವಾಹಿಗೂ ಒಂದೇ ರೇಟು ಹಾಕುತ್ತಾನೆ. ಲೇಖಕಿಯರ ಪತ್ರ, ಕರಡು, ಓದುಗಿಯರ ಇನ್‌ಲ್ಯಾಂಡ್ ಕಾಗದ, ಇಂತಿಷ್ಟು ಗೌರವಧನ ಎಂದು ಬರೆದ ಮನಿಯಾರ್ಡರ್ ಕೂಪನ್ನು ಇವು ಯಾವ ಅಟ್ಟದಲ್ಲಿವೆಯೋ, ಯಾವ ಗೆದ್ದಲು ಎಷ್ಟನೇ ಅಧ್ಯಾಯದಲ್ಲಿದೆಯೋ. ಮೈಸೂರಿನಲ್ಲಿ ತ್ರಿವೇಣಿ ಇದ್ದ ಮನೆ ಮ್ಯೂಸಿಯಂ ಆಗಿರುವುದು ಅಪವಾದ. 1963ರಲ್ಲಿ, ಮೂವತ್ತೈದೂ ತುಂಬದೆ ತೀರಿಕೊಂಡ ಆಕೆಯ 'ಬೆಳ್ಳಿಮೋಡ', 'ಶರಪಂಜರ'ಗಳನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದು ಊರಿಗೆ ಊರೇ ಅತ್ತದ್ದಕ್ಕೂ ಆ ಮನೆಗೊಂದು ಬೋರ್ಡು ಬಿದ್ದದ್ದಕ್ಕೂ ನಡುವೆ ಅರ್ಧ ಶತಮಾನ. ಕರ್ನಾಟಕದಲ್ಲಿ ಇದು ತ್ವರಿತ ವಿಲೇವಾರಿ.

ಆದ್ದರಿಂದ ಈಗ ಬರೆಯುತ್ತಿರುವ ಪ್ರೇಮಕಾದಂಬರಿಕಾರ್ತಿಯರಿಗೆ ನನ್ನದೊಂದು ಬಿನ್ನಹ. ಗುಂಡುಪಿನ್ನು ಚುಚ್ಚಬೇಡಿ, ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಪತ್ರಾಗಾರದವರು ಮೊದಲು ಮಾಡುವ ಕೆಲಸ ಅದನ್ನು ಕೀಳುವುದು. ನಾಯಕನ ಹೆಸರನ್ನು ಸುಮ್ಮನೆ ಮೂರು ಬಾರಿ ಹೊಡೆದು ಹಾಕಿ ಬದಲಾಯಿಸಿ, ಮುಂದೆ ಯಾರಿಗೋ ಒಂದು ಪಿಎಚ್‌ಡಿಯಾಗುತ್ತದೆ. ಶತ್ರು ಇಟ್ಟುಕೊಳ್ಳಿ, ಆಕೆಗೆ ಕಾಗದದಲ್ಲೇ ಬೈಯಿರಿ, ನಕಲು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಸನ್ಮಾನದ ಆಸೆಯಿದ್ದರೆ ಬದುಕಿರುವ ಚಟ ಬಿಡಿ. ಸತ್ತ ಮರುವರ್ಷದಿಂದಲೇ ನಿಮ್ಮ ಕಾದಂಬರಿಗಳಲ್ಲಿ ಸ್ತ್ರೀಸಂವೇದನೆ ಕಾಣಿಸಿಕೊಳ್ಳತೊಡಗುತ್ತದೆ. ಹತ್ತು ವರ್ಷಕ್ಕೆ ಪ್ರತಿರೋಧದ ನೆಲೆಗಳೂ ಕಾಣಬಹುದು. ಎರಡು ದಿನದ ವಿಚಾರ ಸಂಕಿರಣದಲ್ಲಿ, ಇಪ್ಪತ್ತು ವರ್ಷ ನಿಮ್ಮನ್ನು ಓದದೆ ತಳ್ಳಿಹಾಕಿದವರೇ ಈಗಲೂ ಓದದೆ ಎತ್ತಿಹಿಡಿಯುತ್ತಾರೆ. ಮಧ್ಯಾಹ್ನ ಹೋಳಿಗೆ ಊಟ.

ಈ ಬಿನ್ನಹವೂ ತಡವಾಯಿತೇನೋ. ಇವತ್ತಿನ ಪ್ರೇಮಕಾದಂಬರಿಗೆ ಕಾಗದವೇ ಇಲ್ಲ. ಬೆಂಗಳೂರಿನಲ್ಲೇ ಶುರುವಾದ ಪ್ರತಿಲಿಪಿಯಂಥ ಆ್ಯಪಿನಲ್ಲಿ ಕನ್ನಡದ ಹೆಣ್ಣುಮಕ್ಕಳು ಫೋನಿನ ಮೇಲೆ ಹೆಬ್ಬೆರಳಿನಲ್ಲಿ ಧಾರಾವಾಹಿ ಬರೆಯುತ್ತಾರೆ. ಕುಕ್ಕರು ಎರಡನೇ ಸೀಟಿ ಹೊಡೆಯುವುದರೊಳಗೆ ಒಂದು ಕಂತು. ಕರಡು ಇಲ್ಲ, ತಿದ್ದಿದ್ದು ಅಳಿಸಿಹೋಗಿದೆ, ಪಾಸ್‌ವರ್ಡು ಮಗನಿಗೆ ಮಾತ್ರ ಗೊತ್ತು. ನಾಳೆ ಯಾವ ರಟ್ಟಿನ ಪೆಟ್ಟಿಗೆ ಹೊತ್ತು ಬಂದವರಿಗೂ ಇಲ್ಲಿ ಅರ್ಧ ಅಡಿ ಸಿಕ್ಕುವುದಿಲ್ಲ. ನಾಯಕ ಇನ್ನೂ ಅದೇ ಕೋಪಿಷ್ಠ ಶ್ರೀಮಂತ, ಡ್ಯೂಕ್ ಪದವಿ ಹೋಗಿ ಕಂಪನಿಯ ಸಿಇಒ ಆಗಿದ್ದಾನೆ ಅಷ್ಟೆ. ಕಂತಿನ ಕೆಳಗೆ ಕೂತಿರುವ ಓದುಗಿಯರು, ಅಕ್ಕಾ ಬೇಗ ಮುಂದಿನ ಭಾಗ ಹಾಕಿ, ಆ ಅತ್ತೆಗೆ ಏನಾದ್ರೂ ಮಾಡಿ ಎಂದು ಗೋಗರೆಯುತ್ತಿದ್ದಾರೆ. ವಿಮರ್ಶಕರು ಮಾತ್ರ ಇನ್ನೂ ಓದಲು ಶುರು ಮಾಡಿಲ್ಲ. ಅಕ್ಕ ಬದುಕಿದ್ದಾಳಲ್ಲ.